ತೇಗದ ತೋಪಿಗೆ ಹುಳ ಬಿದ್ದಾಗ

ಮಳೆಗಾಲಕ್ಕೆ ಮೊದಲು ನಾಲ್ಕು ಹನಿ ಬಿದ್ದು ತೇಗ ಚಿಗುರುವ ಹೊತ್ತಿಗೇ ಎಲೆ ತಿನ್ನುವ ಹುಳುಗಳ ದಂಡು ಬರುತ್ತದೆ. ನೋಡನೋಡುತ್ತಿದ್ದಂತೆ ತೋಪು ಬೋಳು. 'ಅರಣ್ಯ ಇಲಾಖೆಯವರು ಮದ್ದು ಬಿಡಬಾರದೇ?' ಎಂದು ಕಂಡವರು ಕೇಳುವುದು ಸಹಜ.

ಬಿಟ್ಟು ನೋಡಿದ್ದೂ ಉಂಟು. 1965ರಲ್ಲಿ ಕೋನ್ನಿಯ ತೇಗದ ತೋಪಿನಲ್ಲಿ ಆಕಾಶದಿಂದ ಕೀಟನಾಶಕ ಸಿಂಪಡಿಸುವ ಪ್ರಯೋಗ ನಡೆದಿತ್ತು. ಆದರೆ ಬೋಳಾದ ತೇಗ ಸಾಮಾನ್ಯವಾಗಿ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಹಾಗೆಂದು ನಷ್ಟವಿಲ್ಲವೆಂದಲ್ಲ. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನಲ್ಲಿ ಐದು ವರ್ಷ ಅಳೆದು ನೋಡಿದಾಗ, ಹುಳುಕಾಟದಿಂದ ಎಳೆಯ ಮರಗಳ ಬೆಳವಣಿಗೆಯಲ್ಲಿ ಶೇಕಡಾ 44ರಷ್ಟು ಖೋತಾ ಆಗಿತ್ತು.

ಇದಕ್ಕೆ ಅದೇ ಸಂಸ್ಥೆ ಬೇರೊಂದು ದಾರಿ ತೋರಿಸಿದೆ. ಈ ಹುಳಕ್ಕೆ ತಾನಾಗಿಯೇ ತಗಲುವ ಒಂದು ವೈರಸ್ ಇದೆ. ಅದನ್ನು ಬೆಳೆಸಿ ಎಲೆಗೆ ಸಿಂಪಡಿಸಿದರೆ ತಿಂದ ಹುಳ ಸಾಯುತ್ತದೆ. ಜೇನಿಗೆ, ಮೀನಿಗೆ, ಮನುಷ್ಯರಿಗೆ ಬಾಧೆಯಿಲ್ಲ. ಒಂದೇ ಷರತ್ತು, ಹುಳ ಎಳೆಯದಿರುವಾಗಲೇ ಸಿಂಪಡಿಸಬೇಕು. ಅದಕ್ಕೆ ಕಾಡಿನಲ್ಲಿ ಕಾವಲುಗಣ್ಣು ಬೇಕು.

ವಿಷದ ಸುಲಭದಾರಿ ಎಲ್ಲಿಗೆ ಮುಟ್ಟಿಸುತ್ತದೆಂದು ನಮ್ಮ ಜಿಲ್ಲೆಗೆ ಬೇರೆ ಯಾರೂ ಹೇಳಬೇಕಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯಿತು. ಅಷ್ಟರಲ್ಲಿ ಎಣ್ಮಕಜೆಯಂಥ ಊರುಗಳ ಮನೆಮನೆಯಲ್ಲಿ ನೋವು ನೆಲೆಸಿಯಾಗಿತ್ತು.

ಆದುದರಿಂದ ಹುಳ ಕಂಡಾಗ ನಾವು ಕೇಳಬೇಕಾದ್ದು ಮದ್ದನ್ನಲ್ಲ, ಕಾವಲನ್ನು. ಏನನ್ನೇ ಸಿಂಪಡಿಸುವುದಿದ್ದರೂ ಮೊದಲು ಊರವರಿಗೆ ತಿಳಿಸಲಿ, ಕನ್ನಡದಲ್ಲಿಯೂ ತಿಳಿಸಲಿ.