ಹಳೆಯ ಕಾರು ನಡುದಾರಿಯಲ್ಲಿ ನಿಂತಾಗ

ಹಾನಗಲ್ಲಿನಿಂದ ಹೊರಟ ಹಳೆಯ ಅಂಬಾಸಡರ್ ಕಾರು ಶಿಗ್ಗಾವಿಯನ್ನು ಮುಟ್ಟುವ ಮೊದಲೇ ನಿಂತುಬಿಟ್ಟರೆ ನೀವು ಏನು ಮಾಡುವಿರಿ? ಬಾನೆಟ್ಟನ್ನು ಎತ್ತಿ, ಕಂಡ ಕಂಡ ತಂತಿಗಳನ್ನೆಲ್ಲ ಅಲುಗಾಡಿಸಿ, ಕೊನೆಗೆ ಯಾರದೋ ಮಾತಿನಂತೆ ಪ್ಲಗ್ಗು, ಕಾಯಿಲ್ಲು, ಬ್ಯಾಟರಿ ಎಲ್ಲವನ್ನೂ ಹೊಸದಾಗಿ ಹಾಕಿಸುವುದೇ ನಮ್ಮಲ್ಲಿ ರೂಢಿ. ಹಣವೇನೋ ಹೋಗುತ್ತದೆ, ದೋಷ ಮಾತ್ರ ಅನೇಕ ಸಲ ಅಲ್ಲಿಯೇ ಉಳಿದು ಮುಂದಿನ ವಾರ ಹಿರೇಕೆರೂರಿನ ದಾರಿಯಲ್ಲಿ ಮತ್ತೆ ತಲೆಯೆತ್ತುತ್ತದೆ. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಫಿಯೆಟ್ ಮತ್ತು ಅದರ ಮುಂದಿನ ರೂಪವಾದ ಪದ್ಮಿನಿಯ ತಯಾರಿಕೆ ಅದಕ್ಕೂ ಮೊದಲೇ ನಿಂತಿತ್ತು. ಈ ಗಾಡಿಗಳ ಕೈಗುಣ ಬಲ್ಲ ಮಿಸ್ತ್ರಿಗಳು ವಿರಳವಾಗುತ್ತಿರುವುದರಿಂದ ಮನೆಯವರೇ ಇಷ್ಟನ್ನು ತಿಳಿದಿರುವುದು ಲೇಸು. ಡೀಸೆಲ್ ಗಾಡಿಯುಳ್ಳವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ. ಅದರಲ್ಲಿ ಕಿಡಿಯ ಕೆಲಸವೇ ಇಲ್ಲ.

ಮೊದಲು ಗಾಡಿಯನ್ನು ರಸ್ತೆಯ ಅಂಚಿಗೆ ನೂಕಿರಿ. ಶಿಗ್ಗಾವಿಯ ಬಳಿ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ದೀಪವಿಲ್ಲದೆ ನಿಂತ ಕಾರಿಗಿಂತ ಅಪಾಯದ ವಸ್ತು ಬೇರೊಂದಿಲ್ಲ. ಆಮೇಲೆ, ಯಾವುದನ್ನೂ ಮುಟ್ಟುವ ಮುನ್ನ, ಎಂಜಿನ್ನು ಹೇಗೆ ನಿಂತಿತೆಂಬುದನ್ನು ನೆನಪಿಗೆ ತಂದುಕೊಳ್ಳಿರಿ. ದೀಪದ ಗುಂಡಿ ಒತ್ತಿದಂತೆ ಒಮ್ಮೆಲೇ ಆರಿಹೋಯಿತೇ? ಹಾಗಿದ್ದರೆ ಬಹುತೇಕ ಕಿಡಿಯ ದೋಷ. ಕೆಮ್ಮುತ್ತ, ಜಗ್ಗುತ್ತ, ಒಂದೆರಡು ಫರ್ಲಾಂಗು ಎಳೆದಾಡಿ ನಿಂತಿತೇ? ಹಾಗಿದ್ದರೆ ಬಹುತೇಕ ಪೆಟ್ರೋಲಿನ ದೋಷ. ಇದು ಪಕ್ಕಾ ನಿಯಮವಲ್ಲ, ಆದರೆ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನು ತೋರಿಸುತ್ತದೆ.

ಕಿಡಿ ಹುಟ್ಟುವ ಬಗೆ ಸರಳವಾದುದು. ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತು ಕಾಯಿಲಿನ ದಪ್ಪ ತಂತಿಯ ಸುರುಳಿಯೊಳಗೆ ಹರಿಯುತ್ತದೆ. ಮಿಸ್ತ್ರಿಗಳು ಡೆಲ್ಕೋ ಎಂದು ಕರೆಯುವ ಡಿಸ್ಟ್ರಿಬ್ಯೂಟರಿನಲ್ಲಿ ಸಿ.ಬಿ. ಪಾಯಿಂಟು ಎಂಬ ಪುಟ್ಟ ಬಾಗಿಲುಂಟು. ಅದು ತಟ್ಟನೆ ತೆರೆದು ಆ ಹರಿವು ಕಡಿದೊಡನೆ, ಸಾವಿರಾರು ಸುತ್ತುಗಳ ಸಣ್ಣ ತಂತಿಯಲ್ಲಿ ಹದಿನೈದು-ಇಪ್ಪತ್ತು ಸಾವಿರ ವೋಲ್ಟು ಹುಟ್ಟಿ, ರೋಟರಿನ ಮೂಲಕ ಸರದಿಯಂತೆ ಪ್ಲಗ್ಗುಗಳಿಗೆ ಹೋಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿಗಳಾಗಬೇಕು. ಅಷ್ಟು ಸಲ ಆ ಬಾಗಿಲು ತೆರೆದು ಮುಚ್ಚುತ್ತದೆಂದರೆ ಅದು ಸವೆಯುವುದರಲ್ಲಿ ಆಶ್ಚರ್ಯವೇನು?

ಬಾನುಲಿ ಕೇಳುವ ನಿಮಗೆ ಈ ಕಿಡಿಗಳ ಪರಿಚಯ ಮೊದಲೇ ಉಂಟು. ಹಳೆಯ ಮೋಟಾರು ಮನೆಯ ಮುಂದೆ ಹಾದಾಗ ಧಾರವಾಡ ಕೇಂದ್ರದ ಹಾಡಿನ ನಡುವೆ ಕೇಳಿಬರುವ ಚಟಚಟ ಸದ್ದು ಇವುಗಳದೇ. ಮಾರ್ಕೋನಿಯ ಮೊದಲ ತಂತಿರಹಿತ ಸಂದೇಶಗಳೂ ಇಂಥ ಕಿಡಿಗಳಿಂದಲೇ ಹೊರಟವು. ಆದುದರಿಂದ ಸಣ್ಣ ಟ್ರಾನ್ಸಿಸ್ಟರೊಂದು ಕೈಯಲ್ಲಿದ್ದರೆ ಮಧ್ಯಮ ತರಂಗದಲ್ಲಿ ಯಾವ ಕೇಂದ್ರವೂ ಇಲ್ಲದ ಕಡೆ ಮುಳ್ಳನ್ನು ನಿಲ್ಲಿಸಿ, ಬಾನೆಟ್ಟಿನ ಹತ್ತಿರ ಹಿಡಿದು, ಮತ್ತೊಬ್ಬರಿಗೆ ಸ್ಟಾರ್ಟರು ತಿರುಗಿಸಲು ಹೇಳಿರಿ. ಸ್ಟಾರ್ಟರಿನ ಗೊರಗೊರ ಸದ್ದಿನ ನಡುವೆ ತಾಳ ಹಾಕಿದಂತೆ ಟಿಕ್ ಟಿಕ್ ಎಂದು ಬಿಡಿಬಿಡಿಯಾಗಿ ಕೇಳಿದರೆ ಪಾಯಿಂಟು ಕೆಲಸ ಮಾಡುತ್ತಿದೆ. ಕಿಡಿ ಪ್ಲಗ್ಗಿನವರೆಗೆ ತಲುಪಿತೆಂಬುದಕ್ಕೆ ಮಾತ್ರ ಇಷ್ಟು ಸಾಕ್ಷಿ ಸಾಲದು.

ಅದನ್ನು ಕಣ್ಣಿನಿಂದಲೇ ನೋಡಬೇಕು. ಒಂದು ಪ್ಲಗ್ಗನ್ನು ಬಿಚ್ಚಿ, ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಗಲುವಂತೆ ಇಟ್ಟು ಸ್ಟಾರ್ಟರು ತಿರುಗಿಸಿರಿ. ಕೈಯಲ್ಲಿ ಹಿಡಿಯಬಾರದು, ಪೆಟ್ರೋಲು ಸೋರಿರುವಲ್ಲಿ, ಪ್ಲಗ್ಗು ಬಿಚ್ಚಿದ ತೂತಿನ ಸಮೀಪದಲ್ಲಿ ಈ ಪರೀಕ್ಷೆ ಸಲ್ಲದು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ದೂರವಿರಲಿ. ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ಪೆಟ್ರೋಲಿನ ಕಡೆಗೆ ತಿರುಗಿರಿ. ಹಳದಿಯ ಬಡಕಲು ಕಿಡಿ ಬಂದರೆ, ಅಥವಾ ಏನೂ ಬಾರದಿದ್ದರೆ, ಹಿಂದಕ್ಕೆ ಹುಡುಕುತ್ತ ಹೋಗಬೇಕು.

ಇಲ್ಲಿ ಎರಡು ತುಂಡು ತಂತಿ ಜೋಡಿಸಿದ ಸಣ್ಣ 12 ವೋಲ್ಟಿನ ಬಲ್ಬು ಬಹಳ ಉಪಕಾರಿ. ಒಂದು ತುದಿಯನ್ನು ಕಾಯಿಲಿನಿಂದ ಡೆಲ್ಕೋಗೆ ಹೋಗುವ ತಿರುಪಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ತಗಲಿಸಿ ಸ್ಟಾರ್ಟರು ತಿರುಗಿಸಿದಾಗ ಬಲ್ಬು ಹತ್ತಿ ಆರಿ, ಹತ್ತಿ ಆರಿ ಮಾಡಬೇಕು. ಸದಾ ಹತ್ತಿಯೇ ಇದ್ದರೆ ಪಾಯಿಂಟು ಮುಚ್ಚುತ್ತಿಲ್ಲ, ಇಲ್ಲವೆ ಅದರ ಮುಖಕ್ಕೆ ಕಿಲುಬು ಹಿಡಿದಿದೆ. ಬೇಸಿಗೆಯಲ್ಲಿ ಸವಣೂರಿನ ಎರೆಹೊಲದ ದಾರಿಗಳ ಧೂಳು ತಿಂದ ಗಾಡಿಗಳಲ್ಲಿ ಇದನ್ನೂ ನೋಡಬೇಕು. ಬಲ್ಬು ಹತ್ತದೇ ಹೋದರೆ ಕಾಯಿಲಿಗೆ ವಿದ್ಯುತ್ತೇ ಬರುತ್ತಿಲ್ಲ, ಅಥವಾ ಪಾಯಿಂಟು ತೆರೆಯುತ್ತಿಲ್ಲ, ಅಥವಾ ಕಂಡೆನ್ಸರು ಸುಟ್ಟು ನೇರವಾಗಿ ಮೈಗೆ ತಗುಲಿದೆ. ಪಾಯಿಂಟು ಪೂರ್ತಿ ತೆರೆದಾಗ ನಡುವಣ ಸಂದು ಸುಮಾರು 0.4 ಮಿ.ಮೀ. ಇರಬೇಕು, ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ನಂಬಿರಿ. ಎಂಜಿನ್ನು ನಿಂತಿರುವಾಗ ಕೀಲಿಯನ್ನು ಬಹಳ ಹೊತ್ತು ಆನ್ ಇಡಬೇಡಿರಿ. ಕಾಯಿಲು ಬೇಯುತ್ತದೆ.

ಕಂಡೆನ್ಸರು ನಿಮ್ಮ ರೇಡಿಯೋ ರಿಪೇರಿಯವನಿಗೂ ಚಿರಪರಿಚಿತ. ಇದು ಕೆಟ್ಟರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಾಯಿಂಟಿನ ಮೇಲೆಯೇ ದಪ್ಪಗೆ ಹಾರುತ್ತದೆ. ಹೊಸ ಪಾಯಿಂಟು ತಿಂಗಳೊಳಗೆ ಸುಟ್ಟು ಕಪ್ಪಾದರೆ ಪಾಯಿಂಟಿನವನನ್ನು ಬಯ್ಯದೆ ಮೊದಲು ಕಂಡೆನ್ಸರನ್ನು ಬದಲಿಸಿ ನೋಡಿರಿ. ಇನ್ನೊಂದು ಕಳ್ಳದೋಷವುಂಟು. ಡೆಲ್ಕೋದೊಳಗಿನ ಪುಟ್ಟ ತಂತಿ ಪ್ಲೇಟಿನೊಡನೆ ಅತ್ತಿತ್ತ ಹೊರಳಿ ಹೊರಳಿ ಒಳಗೇ ಹರಿದಿರುತ್ತದೆ, ಹೊರಗಿನ ಹೊದಿಕೆ ಮಾತ್ರ ನೆಟ್ಟಗಿರುತ್ತದೆ. ಆಕ್ಸಿಲರೇಟರು ಒತ್ತಿದಾಗಲೋ ಬಿಟ್ಟಾಗಲೋ ಮಾತ್ರ ಎಂಜಿನ್ನು ಸಾಯುತ್ತಿದ್ದರೆ ಇದನ್ನು ಮೆಲ್ಲಗೆ ಎಳೆದು ನೋಡಿರಿ.

ಎಲ್ಲಕ್ಕಿಂತ ಹೆಚ್ಚು ಹಣ ಕಳೆಯುವುದು ಕಾವು ಏರಿದಾಗ ನಿಲ್ಲುವ ಗಾಡಿ. ಇಪ್ಪತ್ತು-ಮೂವತ್ತು ಕಿಲೋಮೀಟರು ಓಡಿ ನಿಲ್ಲುತ್ತದೆ. ಅರ್ಧ ತಾಸು ನೆರಳಲ್ಲಿ ಕುಳಿತರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಮಿಸ್ತ್ರಿಯ ಎದುರಿಗಂತೂ ನಿಲ್ಲುವುದೇ ಇಲ್ಲ. ಇದಕ್ಕೆ ಎರಡು ಕಾರಣಗಳುಂಟು: ಬಿಸಿಗೆ ಕಾಯಿಲಿನೊಳಗಿನ ಸುರುಳಿ ಕೈಕೊಡುವುದು, ಇಲ್ಲವೆ ಎ.ಸಿ. ಪಂಪಿನ ಬಳಿ ಪೆಟ್ರೋಲು ಕುದಿದು ಆವಿಯಾಗಿ ನಳಿಗೆಯನ್ನು ಕಟ್ಟುವುದು. ಲಕ್ಷಣ ಎರಡಕ್ಕೂ ಒಂದೇ. ಜನರು ಅವಸರದಿಂದ ಎಲ್ಲದರ ಮೇಲೂ ನೀರು ಹೊಯ್ಯುತ್ತಾರೆ. ಗಾಡಿ ಹೊರಡುತ್ತದೆ, ಕಾರಣ ಮಾತ್ರ ತಿಳಿಯದೇ ಉಳಿಯುತ್ತದೆ. ನಿಂತ ಆ ಗಳಿಗೆಯಲ್ಲೇ ಪ್ಲಗ್ಗಿನ ಕಿಡಿಯನ್ನು ನೋಡಿರಿ. ಕಿಡಿ ಇಲ್ಲದಿದ್ದರೆ ಹಿಂಡಿದ ಒದ್ದೆ ಬಟ್ಟೆಯನ್ನು ಕಾಯಿಲಿಗೆ ಮಾತ್ರ, ಕಿಡಿ ಇದ್ದರೆ ಪಂಪಿಗೆ ಮಾತ್ರ ಸುತ್ತಿರಿ. ಇಂದಿನ ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರು ನಳಿಗೆಗಳನ್ನು ಮೆತ್ತಗೆ ಮಾಡುವುದುಂಟು. ಪಂಪಿನ ಕಡೆ ಕೈಹಾಕಿದಾಗ ಅವನ್ನೂ ಒತ್ತಿ ನೋಡುವುದು ಒಳಿತು.

ಮಳೆಗಾಲದಲ್ಲಿ ಮಲೆನಾಡಿನ ಸೆರಗಿನ ಹಾನಗಲ್ಲ, ಹಿರೇಕೆರೂರು ಕಡೆಯ ಗಾಡಿಗಳು ಬೆಳಗ್ಗೆ ಹೊರಡದಿದ್ದರೆ ಡೆಲ್ಕೋ ಮುಚ್ಚಳವನ್ನು ತೆಗೆದು ಒಳಗೂ ಹೊರಗೂ ಒಣಬಟ್ಟೆಯಿಂದ ಒರೆಸಿರಿ. ಒಳಗೆ ಪೆನ್ಸಿಲಿನ ಗೆರೆಯಂತೆ ಕಪ್ಪು ಬೇರು ಬಿಟ್ಟಿದ್ದರೆ ಮುಚ್ಚಳವನ್ನೇ ಬದಲಿಸಬೇಕು. ರಾತ್ರಿ ಕತ್ತಲಲ್ಲಿ ಎಂಜಿನ್ನು ಓಡುತ್ತಿರುವಾಗ ದೂರದಿಂದ ನೋಡಿದರೆ ಹಳೆಯ ಪ್ಲಗ್ ತಂತಿಗಳ ಮೇಲೆ ನೀಲಿ ಕಿಡಿ ಹರಿದಾಡುವುದು ತಾನಾಗಿಯೇ ಕಾಣಿಸುತ್ತದೆ. ಗಾಡಿ ಚೆನ್ನಾಗಿ ಓಡುತ್ತಿರುವಾಗ ಬದಲಿಸಿದ ಕಂಡೆನ್ಸರು, ರೋಟರು, ಪಾಯಿಂಟುಗಳನ್ನು ಎಸೆಯದೆ, ಆ ಬಲ್ಬು ಮತ್ತು ಒಣಬಟ್ಟೆಯೊಂದಿಗೆ ಒಂದು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಿರಿ.