ತಾರೀಖಿಲ್ಲದ ಪಟ್ಟಿ

ನಾನು ನಾಸಿಕ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹೆಂಡತಿ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ಗುಣಮಟ್ಟ ವಿಭಾಗದಲ್ಲಿದ್ದಾಳೆ. ಇಬ್ಬರೂ ಹುಬ್ಬಳ್ಳಿ ಕಡೆಯವರು. ನಡುವೆ ಹೆಚ್ಚುಕಮ್ಮಿ ಇನ್ನೂರು ಕಿಲೋಮೀಟರ್. ಶುಕ್ರವಾರ ಸಂಜೆ ಯೇವಲಾ, ವೈಜಾಪುರ ದಾಟಿ ಅವಳಿರುವಲ್ಲಿಗೆ ಹೋಗುವುದು ನನ್ನ ವಾರದ ಪಾಡು.

ಕಾರಿನಲ್ಲೊಂದು ಹ್ಯಾಮ್ ರೇಡಿಯೊ ಇದೆ. ಎಂಟೆಕ್ ಓದುವಾಗ ಹತ್ತಿದ ಹುಚ್ಚದು. ಆಗಲೇ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಪರವಾನಗಿಯನ್ನೂ ಪಡೆದೆ. ‘ಮೊಬೈಲ್ ಇದ್ದಮ್ಯಾಲ ಇದ್ಯಾಕಪಾ?’ ಎಂದು ಅಪ್ಪ ಈಗಲೂ ಕೇಳುತ್ತಾರೆ. ಇದೇ ಮರಾಠವಾಡದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಭೂಕಂಪವಾದಾಗ, 2001ರ ಜನವರಿಯಲ್ಲಿ ಭುಜ್ ನಡುಗಿದಾಗ ಹ್ಯಾಮ್‌ಗಳೇ ಸಂದೇಶ ದಾಟಿಸಿದ್ದರು ಎಂದು ಅವರಿಗೆ ಹೇಳುತ್ತೇನೆ.

ಕಳೆದ ಮಳೆಗಾಲದ ಒಂದು ರಾತ್ರಿ ವೈಜಾಪುರದ ಆಚೆ ಮರ ಬಿದ್ದು ರಸ್ತೆ ಮುಚ್ಚಿತು. ಮೊಬೈಲ್‌ಗೆ ಸಿಗ್ನಲ್ ಇಲ್ಲ. ಹೆಂಡತಿ ಆಗ ಏಳು ತಿಂಗಳ ಬಸುರಿ. ನಾನು ಎಂಟಕ್ಕೆ ಬರುತ್ತೇನೆಂದು ಕಾಯುತ್ತಿದ್ದಳು. ಸಂಭಾಜಿನಗರದ ಯಾವ ಹ್ಯಾಮ್ ಸಿಕ್ಕರೂ ಸಾಕು, ಅವಳಿಗೊಂದು ಫೋನ್ ಮಾಡಿಸಬಹುದು ಎಂದುಕೊಂಡು ಪಟ್ಟಿ ತೆಗೆದೆ.

ನಮ್ಮ ಸೆಟ್‌ಗಳ ದನಿ ಹೆಚ್ಚು ದೂರ ಹೋಗದು. ಗುಡ್ಡ, ಕಟ್ಟಡ ಅಡ್ಡ ಬಂದರೆ ಮುಗಿಯಿತು. ಅದಕ್ಕೇ ಎತ್ತರದ ಜಾಗದಲ್ಲಿ ರಿಪೀಟರ್ ಇಡುತ್ತಾರೆ. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಅದು ಆ ಕ್ಷಣವೇ ಇನ್ನೊಂದರಲ್ಲಿ ದೂರಕ್ಕೆ ಸಾರುತ್ತದೆ. 145 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಈ ಎರಡರ ನಡುವಿನ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಜೊತೆಗೆ, 88.5 ಹರ್ಟ್ಸ್‌ನಂಥ ಒಂದು ಸಣ್ಣ ‘ಟೋನ್’ ಬೀಗದ ಕೈಯಂತೆ ಕೆಲಸ ಮಾಡುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಬಾಗಿಲು ತೆರೆಯದು.

ಅಂದು ತೆರೆಯಲಿಲ್ಲ. ತಪ್ಪು ಫೋನ್ ನಂಬರ್ ಒತ್ತಿದರೆ ‘ಈ ಸಂಖ್ಯೆ ಬಳಕೆಯಲ್ಲಿಲ್ಲ’ ಎಂದಾದರೂ ಹೇಳುತ್ತದೆ. ರಿಪೀಟರ್ ಹಾಗಲ್ಲ. ಅದು ಕೆಟ್ಟಿದೆಯೋ, ಟೋನ್ ಬದಲಾಗಿದೆಯೋ, ನಾನೇ ದೂರದಲ್ಲಿದ್ದೇನೋ, ಎಲ್ಲಕ್ಕೂ ಒಂದೇ ಉತ್ತರ: ಮೌನ. ಮನೆ ಮುಟ್ಟಿದಾಗ ರಾತ್ರಿ ಒಂದು ಗಂಟೆ. ಅವಳು ಅತ್ತು ಸುಸ್ತಾಗಿದ್ದಳು.

ಮರುದಿನ ಪಟ್ಟಿ ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಇದರಾಗ ತಾರೀಖು ಎಲ್ಲೈತಿ?’ ಅವರ ಕಾರ್ಖಾನೆಯಲ್ಲಿ ಪ್ರತಿ ಅಳತೆ ಉಪಕರಣದ ಮೇಲೂ ಕೊನೆಯ ಬಾರಿ ತಪಾಸಣೆಯಾದ ದಿನದ ಚೀಟಿ ಅಂಟಿಸಿರುತ್ತಾರಂತೆ. ಚೀಟಿ ಇಲ್ಲದ್ದನ್ನು ಮುಟ್ಟುವ ಹಾಗಿಲ್ಲ. ನನ್ನ ಪಟ್ಟಿಯಲ್ಲಿ ಫ್ರೀಕ್ವೆನ್ಸಿ, ಟೋನ್, ಊರು ಎಲ್ಲ ಇದ್ದವು. ಯಾರು, ಯಾವಾಗ ಕೇಳಿ ನೋಡಿದರು ಎಂಬುದೇ ಇರಲಿಲ್ಲ. ಆ ಊರಿನ ಹಿರಿಯ ಹ್ಯಾಮ್ ಒಬ್ಬರನ್ನು ಕೇಳಿದೆ. ಟೋನ್ ಬದಲಾಗಿ ಬಹಳ ದಿನವಾಯಿತು, ನಮಗೆಲ್ಲ ಗೊತ್ತಲ್ಲ ಎಂದರು. ಊರವರಿಗೆಲ್ಲ ಗೊತ್ತಿರುವುದನ್ನು ಪಟ್ಟಿಯಲ್ಲಿ ತಿದ್ದುವವರಿರುವುದಿಲ್ಲ. ಪಟ್ಟಿಯನ್ನೇ ನಂಬಬೇಕಾದವರು ನಮ್ಮಂಥ ಪರಊರಿನವರು.

ರಿಪೀಟರ್ ನಡೆಸುವವರು ಸಂಬಳಕ್ಕಿರುವವರಲ್ಲ. ಕೈಯಿಂದ ಹಣ ಹಾಕಿ, ಗುಡ್ಡ ಹತ್ತಿ ಬ್ಯಾಟರಿ ಬದಲಿಸುವವರು. ಅವರನ್ನು ದೂರುವುದು ತರವಲ್ಲ. ಬಳಸುವವರೇ ಒಂದಿಷ್ಟು ಕೆಲಸ ಮಾಡಬೇಕು. ಈಗ ನಾನು ಎರಡು ಪಟ್ಟಿ ಹೋಲಿಸುತ್ತೇನೆ, ಊರಿನ ಹ್ಯಾಮ್ ಒಬ್ಬರನ್ನು ಕೇಳುತ್ತೇನೆ, ಹೊರಡುವ ಮೊದಲೇ ಸೆಟ್‌ನಲ್ಲಿ ಆಲಿಸುತ್ತೇನೆ. ಯಾರೂ ಮಾತಾಡದಿದ್ದರೆ ನನ್ನ ಕಾಲ್‌ಸೈನ್ ಹೇಳಿ ಗುಂಡಿ ಬಿಡುತ್ತೇನೆ. ಬಿಟ್ಟ ಮೇಲೂ ರಿಪೀಟರ್‌ನ ಸಿಗ್ನಲ್ ಅರೆಕ್ಷಣ ಉಳಿದರೆ ಅದು ಜೀವಂತವಾಗಿದೆ ಎಂದರ್ಥ. ತಪ್ಪು ಕಂಡರೆ ಪಟ್ಟಿ ಮಾಡಿದವರಿಗೆ ತಾರೀಖು ಸಮೇತ ಬರೆದು ತಿಳಿಸುತ್ತೇನೆ.

ಆ ಎರಡು ಊರುಗಳ ಫ್ರೀಕ್ವೆನ್ಸಿಗಳನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ. ಪತ್ರಿಕೆಯಲ್ಲಿ ಅಚ್ಚಾದದ್ದು ತಿದ್ದುಪಡಿಯಾಗುವುದಿಲ್ಲ. ಮುಂದಿನ ವರ್ಷ ಯಾರೋ ಇದನ್ನೇ ನಂಬಿ ಮಳೆಯಲ್ಲಿ ನಿಂತಾರು. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಕನ್ನಡದ ಹ್ಯಾಮ್‌ಗಳು ತಮ್ಮ ಊರಿನ ಒಂದೊಂದು ರಿಪೀಟರ್ ಪರೀಕ್ಷಿಸಿ ದಿನ ಬರೆದಿಟ್ಟರೂ ಸಾಕು.

ಮಗಳಿಗೀಗ ಆರು ತಿಂಗಳು. ಮೊನ್ನೆ ಶುಕ್ರವಾರ ಮರ ಬಿದ್ದಿದ್ದ ಅದೇ ಜಾಗದಲ್ಲಿ ಕಾರು ನಿಲ್ಲಿಸಿ ಹೊಸ ಟೋನ್‌ನೊಂದಿಗೆ ಕರೆದೆ. ಆ ಕಡೆಯಿಂದ ಮರಾಠಿಯಲ್ಲಿ ಯಾರೋ ಓಗೊಟ್ಟರು. ತಾರೀಖು ಬರೆದುಕೊಂಡು ಹೊರಟೆ.