ಮನೆಗೆ ಒಯ್ಯಲಾಗದ ವಾದ್ಯ

ಶಾಲೆಯಲ್ಲಿ ಕೊಳಲು ಕಲಿತವನ ಬಳಿ ಕೊಳಲು ಉಳಿಯುತ್ತದೆ. ಕ್ರಿಕೆಟ್ ಆಡಿದವನು ನಲವತ್ತು ದಾಟಿದ ಮೇಲೂ ಭಾನುವಾರ ಕೊಯ್ಲಾದ ಗದ್ದೆಯಲ್ಲಿ ಬ್ಯಾಟು ಹಿಡಿಯುತ್ತಾನೆ. ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿದವನ ಪಾಡೇ ಬೇರೆ. ಕೊನೆಯ ಪರೇಡ್ ಮುಗಿದ ಸಂಜೆ ಡ್ರಮ್ ಸ್ಟೋರ್ ರೂಮಿಗೆ ಹೋಗುತ್ತದೆ. ಹೆಗಲಿನ ಬಿಳಿ ಪಟ್ಟಿ ಒಂಬತ್ತನೇ ತರಗತಿಯ ಹುಡುಗನ ಪಾಲಾಗುತ್ತದೆ. ಅದೃಷ್ಟ ಚೆನ್ನಾಗಿದ್ದರೆ ತುದಿ ಸೀಳಿದ ಒಂದು ಜೊತೆ ಕೋಲು ಮನೆಗೆ ಬರುತ್ತದೆ, ಅಷ್ಟೇ. ಇನ್ನು ಎಲ್ಲಿಂದಲೋ ಡ್ರಮ್ಮೇ ಸಿಕ್ಕಿತೆನ್ನಿ, ಒಬ್ಬನೇ ಕೂತು ಬಾರಿಸಿ ಮಾಡುವುದೇನು? ಎಡಬಲದಲ್ಲಿ ಜೊತೆಯವರಿಲ್ಲ, ಹಿಂದೆ ಬೇಸ್ ಡ್ರಮ್ ಇಲ್ಲ, ನಡೆಯುವವರೂ ಇಲ್ಲ.

ಕುಶಾಲನಗರದ ಆಸುಪಾಸಿನ ಶಾಲೆಯೊಂದರಲ್ಲಿ ಹೀಗೆ ಡ್ರಮ್ ಬಾರಿಸಿ, ಹೀಗೆಯೇ ಬಿಟ್ಟು ಬಂದವರಲ್ಲಿ ನಾನೂ ಒಬ್ಬ. ಮೇಜು, ಸ್ಟೀರಿಂಗು, ಬಸ್ಸಿನ ಸೀಟಿನ ಕಂಬಿ, ಯಾವುದು ಸಿಕ್ಕಿದರೂ ಬೆರಳು ಸುಮ್ಮನಿರುವುದಿಲ್ಲ. ನಮ್ಮ ಊರುಗಳಲ್ಲಿ ಈ ಚಾಳಿಯವರು ಬಹಳ ಮಂದಿ ಇದ್ದಾರೆ. ಆದರೂ ಶಾಲಾ ಬ್ಯಾಂಡ್ ಎಂದರೆ ಆಗಸ್ಟ್ 15ರ ಬೆಳಿಗ್ಗೆ ಹತ್ತು ನಿಮಿಷದ ಸದ್ದು ಎಂದಷ್ಟೇ ಬಹುತೇಕರ ತಿಳಿವಳಿಕೆ. ಆ ಸದ್ದಿನ ಒಳಗೇನಿದೆ ಎಂದು ಸ್ವಲ್ಪ ನೋಡೋಣ.

ಎಡಗಾಲಿಗೆ ಬೀಳುವ ಪೆಟ್ಟು

ಮಾತು ಕೇಳಿಸದಷ್ಟು ಗದ್ದಲದ ರಣರಂಗದಲ್ಲಿ ದಂಡಿಗೆ ಅಪ್ಪಣೆ ಮುಟ್ಟಿಸಲು ಡ್ರಮ್ ಬೇಕಾಗಿತ್ತು. ಏಳುವುದು, ಹೊರಡುವುದು, ಕತ್ತಲಾದಾಗ ಬಿಡಾರಕ್ಕೆ ಮರಳುವುದು, ಎಲ್ಲಕ್ಕೂ ಒಂದೊಂದು ಬಡಿತ. ಪ್ರತಿವರ್ಷ ಜನವರಿ 29ರಂದು ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಆ ಸಂಜೆಯ ಬಡಿತದ ಉಳಿಕೆ. ಬ್ರಿಟಿಷ್ ಸೇನೆಯಿಂದ ನಮ್ಮ ಸೇನೆಗೆ, 1948ರಲ್ಲಿ ಎನ್‌ಸಿಸಿ ಹುಟ್ಟಿದ ಮೇಲೆ ಶಾಲಾ ಕಾಲೇಜುಗಳ ಮೈದಾನಕ್ಕೆ ಈ ವಿದ್ಯೆ ಇಳಿದು ಬಂತು. ಮನೆಗೊಬ್ಬ ಫೌಜಿಯಿದ್ದ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಹೆಸರು ಕೇಳುತ್ತಲೇ ಮಕ್ಕಳು ಬೆಳೆಯುವ ಕೊಡಗಿನಲ್ಲಿ ಅದು ಬೇಗ ಬೇರು ಬಿಟ್ಟಿತು.

ಶಾಲೆಯವರು 'ಬ್ಯಾಂಡ್ ಸೆಟ್' ಎಂದು ಕರೆಯುವ ಸರಂಜಾಮಿನಲ್ಲಿ ನಾಲ್ಕರಿಂದ ಎಂಟು ಸೈಡ್ ಡ್ರಮ್, ಒಂದೆರಡು ಟೆನರ್, ಒಂದು ಬೇಸ್ ಡ್ರಮ್, ತಾಳದ ಜೋಡಿ, ಬ್ಯೂಗಲ್ ಅಥವಾ ಫ್ಲೂಟು ಇರುತ್ತವೆ. ಇಡೀ ಪರೇಡಿನ ಲಗಾಮು ಬೇಸ್ ಡ್ರಮ್ ಹೊತ್ತವನ ಕೈಯಲ್ಲಿ. ಕ್ವಿಕ್ ಮಾರ್ಚ್ ಎಂದರೆ ನಿಮಿಷಕ್ಕೆ 120 ಹೆಜ್ಜೆ. ಒಂದೊಂದು ಹೆಜ್ಜೆ 30 ಇಂಚು. ಬೇಸ್ ಡ್ರಮ್ಮಿನ ದೊಡ್ಡ ಪೆಟ್ಟು ಎಡಗಾಲು ನೆಲ ಮುಟ್ಟುವಾಗಲೇ ಬೀಳಬೇಕು. ಅವನು ಚೂರು ಆತುರಪಟ್ಟರೆ ಹಿಂದಿನ ಸಾಲುಗಳ ಪುಟ್ಟ ಮಕ್ಕಳು ಓಡಲು ಶುರುಮಾಡುತ್ತಾರೆ, ಚೂರು ಎಳೆದರೆ ಒಬ್ಬರ ಹಿಮ್ಮಡಿ ಒಬ್ಬರು ತುಳಿಯುತ್ತಾರೆ. ಹಾಡು ಮುಗಿಯಬೇಕಾದಾಗ ಅವನೇ ಜೋಡಿ ಪೆಟ್ಟು ಕೊಟ್ಟು ಎಲ್ಲರಿಗೂ ಸೂಚನೆ ಕೊಡುತ್ತಾನೆ. ನೋಡುವವರ ಕಣ್ಣೆಲ್ಲ ಮುಂದೆ ದಂಡ ತಿರುಗಿಸುವ ಡ್ರಮ್ ಮೇಜರ್ ಮೇಲಿದ್ದರೆ, ಬ್ಯಾಂಡಿನವರ ಕಿವಿಯೆಲ್ಲ ಹಿಂದಿನ ಈ ಹುಡುಗನ ಮೇಲೆ.

ಸೈಡ್ ಡ್ರಮ್ಮಿನದು ಇನ್ನೊಂದು ಬಗೆಯ ಕಷ್ಟ. ಹೆಗಲ ಪಟ್ಟಿಯಿಂದ ಅದು ಎಡತೊಡೆಯ ಮೇಲೆ ಓರೆಯಾಗಿ ತೂಗುತ್ತದೆ. ಹಾಗೆ ಓರೆಯಾದ್ದರಿಂದಲೇ ಎರಡೂ ಕೈಯಲ್ಲಿ ಕೋಲನ್ನು ಒಂದೇ ರೀತಿ ಹಿಡಿಯಲಾಗದು. ಬಲಗೈ ಸುತ್ತಿಗೆ ಹಿಡಿದ ಹಾಗೆ ಮೇಲಿನಿಂದ ಹಿಡಿಯಬೇಕು. ಎಡಗೈ ಅಂಗೈ ಮೇಲಾಗಿ, ಹೆಬ್ಬೆರಳ ಬುಡದಲ್ಲಿ ಕೋಲು ಸಿಕ್ಕಿಸಿ, ಮಣಿಕಟ್ಟು ತಿರುಗಿಸಿ ಬಾರಿಸಬೇಕು. ಮೊದಲ ಪಾಠದ ಹೆಸರು 'ಡ್ಯಾಡಿ-ಮಮ್ಮಿ'. ಬಲ ಬಲ, ಎಡ ಎಡ. ಬಲ ಬಲ, ಎಡ ಎಡ. ಎರಡೆರಡು ಪೆಟ್ಟಿನ ಈ ಸರಣಿ ನಿಧಾನಕ್ಕೆ ವೇಗ ಹೆಚ್ಚಿಸಿಕೊಂಡು, ಪೆಟ್ಟುಗಳ ನಡುವಿನ ಸಂದು ಅಳಿದು ಒಂದೇ ಮೊರೆತವಾದಾಗ ಅದು ರೋಲ್. ತಿಂಗಳುಗಟ್ಟಲೆ ನಮಗೆ ಡ್ರಮ್ ಕೊಡಲಿಲ್ಲ. ಡೆಸ್ಕಿನ ಹಲಗೆಯೇ ಡ್ರಮ್. ಎಡಗೈಯ ಪೆಟ್ಟು ಯಾವಾಗಲೂ ಸಪ್ಪೆ. ಬ್ಯಾಂಡ್ ಮಾಸ್ಟರ್ ಕಣ್ಣು ಮುಚ್ಚಿಕೊಂಡು ಕೂತು, "ಎಡಗೈಗೆ ಊಟ ಹಾಕಿಲ್ವೇನೋ?" ಎನ್ನುತ್ತಿದ್ದರು. ಎರಡು ಕೈಯ ಪೆಟ್ಟಿನಲ್ಲಿ ಅವರಿಗೆ ವ್ಯತ್ಯಾಸ ಕೇಳಿಸದ ದಿನ ಮೈದಾನಕ್ಕೆ ಬಡ್ತಿ. ಅಲ್ಲಿ ಹೋದರೆ ಕೈ ಒಂದು ಹೇಳುತ್ತಿತ್ತು, ಕಾಲು ಇನ್ನೊಂದು ಮಾಡುತ್ತಿತ್ತು!

ಡ್ರಮ್ಮಿನ ಕೆಳಮುಖಕ್ಕೆ ಅಡ್ಡಲಾಗಿ ತಂತಿಗಳಿರುತ್ತವೆ. ಮೇಲಿನ ಪೆಟ್ಟಿಗೆ ಅವು ಅದುರಿ ಆ ಚರಚರ ಸದ್ದು ಹುಟ್ಟುತ್ತದೆ. ತಂತಿಯ ಕೊಂಡಿ ಸಡಿಲಿಸಿದರೆ ಅದೇ ಡ್ರಮ್ ಬರೀ ಡುಬ್ ಡುಬ್ ಎನ್ನುತ್ತದೆ. ಶ್ರುತಿ ಮಾಡುವಾಗ ಅಂಚಿನ ತಿರುಪುಗಳನ್ನು ಸಾಲಾಗಿ ಬಿಗಿಯಬಾರದು, ಒಂದನ್ನು ತಿರುಗಿಸಿದರೆ ಮುಂದಿನ ಸರದಿ ಅದರ ಎದುರಿನದಕ್ಕೆ. ಇಲ್ಲವಾದರೆ ತೊಗಲು ಒಂದೇ ಕಡೆಗೆ ಎಳೆದುಕೊಂಡು ಸದ್ದು ಒಡೆಯುತ್ತದೆ. ಈಗಿನ ತೊಗಲು ಪ್ಲಾಸ್ಟಿಕ್‌ನದು. 1950ರ ದಶಕದ ಕೊನೆಯಲ್ಲಿ ಅದು ಬರುವವರೆಗೆ ಕರುವಿನ ಚರ್ಮವೇ ಗತಿ. ಸ್ವಾತಂತ್ರ್ಯ ದಿನ ಬೀಳುವುದೇ ಮಳೆಗಾಲದಲ್ಲಿ. ಕೊಡಗಿನ ಆ ತೇವಕ್ಕೆ ಚರ್ಮದ ಡ್ರಮ್ ಒದ್ದೆ ಗೋಣಿಯಂತೆ ಜೋತುಬೀಳುತ್ತಿತ್ತು ಎಂದು ಹಳಬರು ಹೇಳುತ್ತಿದ್ದರು. ಪರೇಡಿಗೆ ಮುಂಚೆ ಅದನ್ನು ಅಡುಗೆಮನೆಯ ಒಲೆಯ ಬಳಿ ಇಟ್ಟು ಕಾಯಿಸುವುದೂ ಬ್ಯಾಂಡಿನವರದೇ ಕೆಲಸವಾಗಿತ್ತು.

ದುಡಿಯ ನಾಡು

ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವುದು ಕೊಡಗಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಇಲ್ಲಿನ ದುಡಿ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ. ದುಡಿಕೊಟ್ಟ್ ಪಾಟಿಗೆ ನಾಲ್ವರು ಬೇಕು. ಇಬ್ಬರು ಒಂದು ಸಾಲು ಹಾಡಿದರೆ ಉಳಿದಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಹುತ್ತರಿಯಲ್ಲಿ ಮನೆ ಮನೆಯ ಮುಂದೆ ಹಾಡು, ಮದುವೆಯಲ್ಲಿ ಹಾಡು, ಸಾವಿನಲ್ಲೂ ಹಾಡು. ಪೊಲೀಸ್ ಅಧಿಕಾರಿಯಾಗಿದ್ದ ನಡಿಕೇರಿಯಂಡ ಚಿಣ್ಣಪ್ಪ ಅವರು 1924ರ 'ಪಟ್ಟೋಲೆ ಪಳಮೆ'ಯಲ್ಲಿ ಈ ಹಾಡುಗಳನ್ನು ಸಂಗ್ರಹಿಸಿಕೊಟ್ಟರು. ಹಾಡು ಪುಸ್ತಕದಲ್ಲಿ ಉಳಿಯಿತು. ಬಡಿತ ಮಾತ್ರ ನಾಲ್ವರು ಸೇರಿದಾಗಷ್ಟೇ ಉಳಿಯುವಂಥದ್ದು. ಕೊಂಬು-ಕೊಟ್ಟು-ವಾಲಗದ ತಂಡಗಳ ಮಾತೂ ಇದೇ. ಆ ಸದ್ದಿಲ್ಲದೆ ಕೊಡವರ ಮದುವೆ ನಡೆಯದು, ಕುಣಿತಕ್ಕೆ ಕಾಲು ಏಳದು.

ಇಲ್ಲೇ ಹತ್ತಿರದ ದುಬಾರೆಯ ಆನೆ ಶಿಬಿರದ ಮಾವುತ, ಕಾವಾಡಿಗರಲ್ಲಿ ಹಲವರು ಜೇನುಕುರುಬರು. ಅವರ ಸಮುದಾಯದವರು ಸೇರುವ ಕುಂಡೆ ಹಬ್ಬ ಮೇ ತಿಂಗಳಲ್ಲಿ ತಿತಿಮತಿ ಹತ್ತಿರದ ದೇವರಪುರದಲ್ಲಿ ನಡೆಯುತ್ತದೆ. ಪ್ಲಾಸ್ಟಿಕ್ ಡಬ್ಬ, ಸೋರೆಬುರುಡೆ, ತಗಡು, ಕೈಗೆ ಸಿಕ್ಕಿದ್ದೆಲ್ಲ ಅಂದು ವಾದ್ಯ. ವೇಷ ತೊಟ್ಟು, ದೇವರನ್ನೂ ಬಿಡದೆ ಬೈಯುತ್ತ ಬಡಿಯುವ ಆ ಗುಂಪುಗಳಿಗೆ ಸ್ಟೋರ್ ರೂಮಿಲ್ಲ, ಬ್ಯಾಂಡ್ ಮಾಸ್ಟರ್ ಇಲ್ಲ. ಲಯ ಮಾತ್ರ ಎಲ್ಲೂ ಮುಗ್ಗರಿಸುವುದಿಲ್ಲ. ಒಂದು ಸಲ ಅವರ ನಡುವೆ ನಿಂತು ಕೇಳಿದರೆ ಇಸ್ತ್ರಿ ಹಾಕಿದ ಯೂನಿಫಾರ್ಮಿನ ನಮ್ಮ ಜಂಬ ಇಳಿದುಹೋಗುತ್ತದೆ.

ಆನೆಯ ಬೆನ್ನಿನ ನಗಾರಿ

ದುಬಾರೆಗೂ ಬ್ಯಾಂಡಿಗೂ ನೇರ ನಂಟು ಇರುವುದು ದಸರೆಯಲ್ಲಿ. ಧನಂಜಯ, ಗೋಪಿ, ವಿಕ್ರಮ, ಕಾವೇರಿ ಮುಂತಾದ ಇಲ್ಲಿನ ಆನೆಗಳು ಮೈಸೂರಿನ ಜಂಬೂಸವಾರಿಯಲ್ಲಿ ಹೆಜ್ಜೆ ಹಾಕಿದವು. ಕಾಡಂಚಿನ ಮೌನಕ್ಕೆ ಒಗ್ಗಿದ ಆನೆಗೆ ಪೇಟೆಯ ಗದ್ದಲ ಏಕಾಏಕಿ ಹಿಡಿಸುವುದಿಲ್ಲ. ವಾರಗಟ್ಟಲೆ ಮೊದಲೇ ಮೈಸೂರಿಗೆ ಕರೆದೊಯ್ದು, ಬೀದಿಯಲ್ಲಿ ನಡೆಸಿ, ಫಿರಂಗಿ ಹಾರಿಸಿ ಸದ್ದಿಗೆ ಅಭ್ಯಾಸ ಮಾಡಿಸುತ್ತಾರೆ. ಮೆರವಣಿಗೆಯಲ್ಲಿ ನಿಶಾನೆ ಆನೆಯ ಜೊತೆಗೆ ನೌಫತ್ ಆನೆ ಎಂಬ ಪಟ್ಟವೂ ಒಂದುಂಟು. ಅರಸರ ಸವಾರಿ ಬರುತ್ತಿದೆ ಎಂದು ಸಾರುವ ನಗಾರಿಯನ್ನು ಹೊರುತ್ತಿದ್ದ ಆನೆಯ ಸ್ಥಾನ ಅದು.

ಅರಮನೆಯ ನಗಾರಿ ಹೀಗೆ ಆನೆಯ ಹೆಸರಲ್ಲಿ ಉಳಿದರೆ, ಅರಮನೆಯ ಬ್ಯಾಂಡು ಖಾಕಿ ತೊಟ್ಟು ಉಳಿಯಿತು. ಒಡೆಯರ ಕಾಲದಲ್ಲಿ ಅರಮನೆಗೆ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಸಂಗೀತ ನುಡಿಸುವ ಇನ್ನೊಂದು ಬ್ಯಾಂಡು ಎರಡೂ ಇದ್ದವು. ಅರಸೊತ್ತಿಗೆ ಹೋದ ಮೇಲೆ ಅವು ಪೊಲೀಸ್ ಇಲಾಖೆಗೆ ಸೇರಿದವು. ಅಂಬಾರಿಗೆ ಪುಷ್ಪಾರ್ಚನೆಯಾಗುವಾಗ ರಾಷ್ಟ್ರಗೀತೆ ನುಡಿಸುವುದೂ, ಬಸವಪ್ಪ ಶಾಸ್ತ್ರಿಗಳು ರಚಿಸಿದ ಮೈಸೂರು ಸಂಸ್ಥಾನದ ಗೀತೆಯನ್ನು ಇಂದಿಗೂ ಕೇಳಿಸುವುದೂ ಈ ಪೊಲೀಸ್ ಬ್ಯಾಂಡೇ. ಅರಸರು ಹೋದರು, ವಾದ್ಯ ನಿಂತಿತು. ಅದನ್ನು ಹೊರಲು ಇನ್ನೊಂದು ಮನೆ ಸಿಕ್ಕಿದ್ದೇ ಕಾರಣ.

ಇಪ್ಪತ್ತೊಂದಕ್ಕೆ ನಿವೃತ್ತಿ

ಅಮೆರಿಕದಲ್ಲಿ ಬ್ಯಾಂಡಿನ ಈ ವಿದ್ಯೆ ದೊಡ್ಡ ಪಂದ್ಯವಾಗಿಯೇ ಬೆಳೆದಿದೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳು ಊರ ಹುಡುಗರಿಗಾಗಿ ಕಟ್ಟಿದ ಡ್ರಮ್-ಬ್ಯೂಗಲ್ ತಂಡಗಳಿಂದ ಹುಟ್ಟಿದ 'ಡ್ರಮ್ ಕೋರ್' ಪರಂಪರೆ ಅದು. 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ 'ಡ್ರಮ್ ಕೋರ್ ಇಂಟರ್‌ನ್ಯಾಷನಲ್'ನ ಮೊದಲ ಚಾಂಪಿಯನ್‌ಶಿಪ್ ನಡೆಯಿತು. ತಂಡವೊಂದರಲ್ಲಿ ನೂರೈವತ್ತರ ಆಸುಪಾಸು ಮಂದಿ. ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತಿ, ಶಾಲೆಗಳ ಜಿಮ್ನೇಷಿಯಮ್ ನೆಲದ ಮೇಲೆ ಮಲಗಿ, ಬಿಸಿಲಲ್ಲಿ ತಾಲೀಮು ಮಾಡಿ, ಆಗಸ್ಟ್‌ನಲ್ಲಿ ಫೈನಲ್ ಆಡುತ್ತಾರೆ. ಅಲ್ಲಿನ ಕಟ್ಟುನಿಟ್ಟಿನ ನಿಯಮವೆಂದರೆ ವಯಸ್ಸು. ಇಪ್ಪತ್ತೊಂದರ ಬೇಸಿಗೆಯೇ ಕೊನೆ. ಎಂಥ ಕೈಗಾರನಾದರೂ ಆಮೇಲೆ ಗ್ಯಾಲರಿಯಲ್ಲಿ ಕೂರಬೇಕು. 1938ರಲ್ಲಿ ಹುಟ್ಟಿದ ಮ್ಯಾಡಿಸನ್ ಸ್ಕೌಟ್ಸ್‌ನಂಥ ಹಳೆಯ ತಂಡದ ಮಾಜಿ ಸದಸ್ಯರು ನರೆತ ತಲೆಯಲ್ಲಿ ಮತ್ತೆ ಸೇರಿ, ತಾಲೀಮು ಮಾಡಿ, ಪ್ರದರ್ಶನ ಕೊಟ್ಟದ್ದುಂಟು. ನಿಯಮ ಬಿಡಿಸಿದ್ದನ್ನು ನೆನಪು ಬಿಡುವುದಿಲ್ಲ.

ನಮ್ಮದು ಅಷ್ಟು ದೊಡ್ಡ ಕಥೆಯಲ್ಲ. ಹುತ್ತರಿ ಕಳೆದ ಮೇಲೆ ಊರಿಗೆ ಬಂದವರೆಲ್ಲ ಸೇರಿ ದುಬಾರೆಗೆ ಹೋಗುವುದು ನಮ್ಮ ಬ್ಯಾಚಿನ ರೂಢಿ. ಕಾಫಿ ತೋಟದವನು, ಸುಬೇದಾರನಾಗಿ ನಿವೃತ್ತನಾದವನು, ಬೆಂಗಳೂರಿನ ಬ್ಯಾಂಕಿನವನು ಎಲ್ಲ ಒಂದೇ ಜೀಪಿನಲ್ಲಿ. ನಂಜರಾಯಪಟ್ಟಣ ದಾಟಿ ಹೊಳೆದಂಡೆಗೆ ಇಳಿದರೆ ದೋಣಿಗೆ ಸಾಲು. ಭತ್ತದ ಕೊಯ್ಲಿನ ಹೊತ್ತಾದ್ದರಿಂದ ಕಾವೇರಿ ತಗ್ಗಿ ಬಂಡೆಗಳು ಎದ್ದಿರುತ್ತವೆ. ಒಮ್ಮೆ ಅಲ್ಲಿ ಕವುಚಿ ಹಾಕಿದ್ದ ರಾಫ್ಟ್ ಮೇಲೆ ಸುಬೇದಾರ ಅಂಗೈ ಊರಿ ಒಂದು ಪೆಟ್ಟು ಹಾಕಿದ. ಗಾಳಿ ತುಂಬಿದ ರಬ್ಬರು ಥೇಟ್ ಬೇಸ್ ಡ್ರಮ್ಮಿನ ಹಾಗೆ ಗುಡುಗಿತು. ಅವನು ಎಡಗಾಲು ಎತ್ತಿ ಇಟ್ಟದ್ದು ನೋಡಿದ್ದೇ ತಡ, ನಾವು ಮೂವರು ಬಿದ್ದಿದ್ದ ಗಾಳದ ಕಡ್ಡಿ, ಬಿದಿರ ತುಂಡು ಹುಡುಕಿಕೊಂಡೆವು. ಮೂರು ಹೆಜ್ಜೆಯ ರೋಲ್ ಎರಡು ಸಲ, ಅಲ್ಲಿಂದ ನೇರ ಮಾರ್ಚು. ಬ್ಯಾಂಕಿನವನ ಎಡಗೈ ಈಗಲೂ ಸಪ್ಪೆಯೇ! "ಊಟ ಹಾಕಿಲ್ವೇನೋ?" ಎಂದು ಉಳಿದ ಮೂವರೂ ಒಟ್ಟಿಗೆ ಕೂಗಿದೆವು. ದೋಣಿಯ ಸಾಲಿನಲ್ಲಿದ್ದ ಯಾವುದೋ ಊರಿನ ಮಗು ಸುಮ್ಮನೆ ಲೆಫ್ಟ್-ರೈಟ್ ಹಾಕತೊಡಗಿತು. ಸುಬೇದಾರ ಅದರ ಕಾಲನ್ನೇ ನೋಡುತ್ತ ಪೆಟ್ಟು ಸ್ವಲ್ಪ ನಿಧಾನ ಮಾಡಿದ. ಪುಟ್ಟ ಕಾಲಿನ ಅಳತೆಗೆ ಬಡಿತವನ್ನು ಹೊಂದಿಸುವುದು ಅವನು ಶಾಲೆಯಲ್ಲೇ ಕಲಿತದ್ದು.

ಬೀಗ ಬಿದ್ದ ಕೋಣೆ

ಹಿತ್ತಾಳೆ ವಾದ್ಯಗಳಿಗೆ ಹೆಸರಾದ ಮೀರತ್‌ನ ಜಲಿ ಕೋಠಿಯಲ್ಲಿ ಬ್ಯಾಂಡಿನ ಸಾಮಾನು ಮಾಡುವ ಕಸುಬುದಾರರ ಬೀದಿಗಳೇ ಇವೆ. ಅಲ್ಲಿನ ನಾದಿರ್ ಅಲಿ ಕಂಪನಿ 1885ರದು. ಡ್ರಮ್ ತರಿಸುವುದು ಕಷ್ಟವಲ್ಲ. ಕಷ್ಟವಿರುವುದು ಕಲಿಸುವವರು ಸಿಗುವುದರಲ್ಲಿ. ಬ್ಯಾಂಡ್ ಮಾಸ್ಟರ್ ನಿವೃತ್ತರಾದರೆ ಆ ಜಾಗ ತುಂಬುವವರಿಲ್ಲ. ಹೊಣೆ ಪಿ.ಟಿ. ಮಾಸ್ಟರರ ಹೆಗಲಿಗೆ ಬೀಳುತ್ತದೆ, ಕೊನೆಗೆ ಸ್ಪೀಕರಿನಲ್ಲಿ ಮಾರ್ಚಿನ ಹಾಡು ಹಾಕಿ ಪರೇಡ್ ಮುಗಿಸುತ್ತಾರೆ. ಸ್ಪೀಕರು ಮಕ್ಕಳ ಕಾಲು ನೋಡುವುದಿಲ್ಲ. ಮುಂದಿನ ಸಾಲು ದಾಟಿಹೋದರೂ ತನ್ನ ಪಾಡಿಗೆ ತಾನು ಒದರುತ್ತಿರುತ್ತದೆ.

ಹಳೆಯ ವಿದ್ಯಾರ್ಥಿಗಳ ಸಂಘಗಳು ಶಾಲೆಗೆ ಗೇಟು ಕಟ್ಟಿಸುತ್ತವೆ, ಹೆಸರು ಕೊರೆಸಿದ ಕಲ್ಲು ನೆಡಿಸುತ್ತವೆ. ಬ್ಯಾಂಡಿನವರಿಗೆ ಮಾಡಲು ಅದಕ್ಕಿಂತ ಅಗ್ಗದ, ಅವರಷ್ಟೇ ಮಾಡಬಲ್ಲ ಕೆಲಸವಿದೆ. ಸ್ಟೋರ್ ರೂಮಿನ ಬೀಗ ತೆಗೆಸಿ, ಹರಿದ ತೊಗಲು ಬದಲಿಸಿ, ತುಕ್ಕು ಹಿಡಿದ ತಿರುಪಿಗೆ ಎಣ್ಣೆ ಬಿಟ್ಟು, ಶನಿವಾರ ಮಧ್ಯಾಹ್ನ ಒಂದು ಗಂಟೆ ಎಂಟನೇ ತರಗತಿಯ ನಾಲ್ವರನ್ನು ಡೆಸ್ಕಿನ ಮುಂದೆ ಕೂರಿಸಿದರೆ ಸಾಕು. ಬಲ ಬಲ, ಎಡ ಎಡ. ಈ ವಾದ್ಯ ಯಾವತ್ತೂ ನಮ್ಮ ಮನೆಗೆ ಬರುವುದಿಲ್ಲ. ನಮಗೆ ಅದರ ಮೇಲೆ ಪ್ರೀತಿ ಇರುವುದು ನಿಜವಾದರೆ, ಅದು ಇರುವಲ್ಲಿಗೆ ನಾವು ಹೋಗಬೇಕು. ಬರುವ ಆಗಸ್ಟ್ 15ಕ್ಕೆ ಇನ್ನೂ ಸಮಯವಿದೆ.